ಜೋಯಿಸರು ಆರಿಸಿಕೊಟ್ಟ ಪ್ಲಗ್

ನಮ್ಮನೆಯವರಿಗೆ ಗ್ಯಾರೇಜಿನಲ್ಲಿ ಪ್ಲಗ್ ಜೋಯಿಸರು ಎಂದು ಹೆಸರು. ಬೇರೆ ಜೋಯಿಸರು ಅಂಗೈ ನೋಡಿದರೆ ಇವರು ಇಂಜಿನ್ನಿನಿಂದ ಬಿಚ್ಚಿದ ಸ್ಪಾರ್ಕ್ ಪ್ಲಗ್ ನೋಡುತ್ತಾರೆ. ತುದಿಯ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಇಂಜಿನ್ ನೆಮ್ಮದಿಯಾಗಿದೆ, ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ, ಬೆಳ್ಳಗೆ ಬಿಳಿಚಿಕೊಂಡಿದ್ದರೆ ಒಳಗೆ ಬಿಸಿ ಮಿತಿ ಮೀರಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮೆಕ್ಯಾನಿಕ್ ಅನ್ನಬಹುದಿತ್ತು. ಇವರು ಅಲ್ಲಿಂದ ಮುಂದೆ ಹೋಗಿ, ಈ ಕಾರಿನವರಿಗೆ ಮುಂಗೋಪ, ಆ ಕಾರಿನವರಿಗೆ ಸಂಜೆ ಮನೆಗೆ ಹೋಗಲು ಮನಸ್ಸಿಲ್ಲ ಎಂದೆಲ್ಲ ಹೇಳಿಬಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಮ್ಮೆ ನನ್ನ ಮುಖ ನೋಡಿ, "ಇವತ್ತು ಯಾಕೋ ಮಸಿ ಹಿಡಿದ ಹಾಗಿದೆ" ಅಂದಿದ್ದರು. ಅವತ್ತು ತಟ್ಟೆ ಅವರೇ ಹಾಕಿಕೊಂಡು ಉಂಡರು.

ನಾನೂ ಅದೇ ಗ್ಯಾರೇಜಿನವಳು. ಹಿಂಬದಿಯ ಶೆಡ್ಡಿನಲ್ಲಿ, ಬಣ್ಣ ಹೊಡೆಯುವ ಜಾಗಕ್ಕೂ ಹಳೆಯ ಟೈರುಗಳ ರಾಶಿಗೂ ನಡುವೆ ನನ್ನ ಹೊಲಿಗೆ ಮೆಷಿನ್ ಇದೆ. ಕಾರಿನ ಸೀಟುಗಳ ಹಳೆಯ ಚರ್ಮ ಬಿಚ್ಚಿ ಹೊಸದು ಹೊಲಿಯುವುದು ನನ್ನ ಕೆಲಸ. ಅಲ್ಲಿ ಕೂತರೆ ನನಗೆ ಇಡೀ ಗ್ಯಾರೇಜ್ ಕಾಣುತ್ತದೆ, ಗ್ಯಾರೇಜಿಗೆ ಮಾತ್ರ ನಾನು ಕಾಣುವುದಿಲ್ಲ. ಹೀಗಾಗಿ ಗಂಡಂದಿರ ವಿಷಯದಲ್ಲಿ ಬೇರೆ ಹೆಂಗಸರು ಊಹೆ ಮಾಡಿಕೊಳ್ಳಬೇಕಾದ್ದನ್ನು ನಾನು ಕಣ್ಣಾರೆ ನೋಡುತ್ತೇನೆ. ಕೆಲಸದಲ್ಲಿ ಇವರದೊಂದು ಕ್ರಮವಿತ್ತು. ಪ್ಲಗ್‌ಗಳನ್ನು ಬಿಚ್ಚಿದ ಮೇಲೆ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ಯಾವ ಸಿಲಿಂಡರಿನದು ಯಾವುದೋ ಅದೇ ಸಾಲಿನಲ್ಲಿ ಜೋಡಿಸಿ, "ಬನ್ರಪ್ಪ, ನೋಡಿ" ಎಂದು ಎಲ್ಲರನ್ನೂ ಕರೆಯುತ್ತಿದ್ದರು. ಪೇಂಟರ್ ಕೆಲಸ ಬಿಟ್ಟು ಬರಬೇಕು, ಟಿಂಕರ್ ಸುತ್ತಿಗೆ ಕೆಳಗಿಡಬೇಕು, ಕಾರಿನ ಮಾಲೀಕರು ಕನ್ನಡಕ ಹಾಕಿಕೊಂಡು ಬಗ್ಗಬೇಕು. ಆಮೇಲೆ ಪ್ರವಚನ.

ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಮೀಸೆ ಮೂಡುವ ಮೊದಲೇ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಸೇರಿ, ಉಪ್ಪುಕಾಗದದಲ್ಲಿ ಪ್ಲಗ್ ಉಜ್ಜುತ್ತ ಕೆಲಸ ಕಲಿತವರು. ಆದರೆ "ತಪ್ಪಾಯ್ತು" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಅವರು ಅಡುಗೆ ಮಾಡಿದ ದಿನ ಉಪ್ಪು ಹೆಚ್ಚಾದರೆ ಉಪ್ಪಿನ ಕಂಪನಿಯನ್ನು ಬೈಯುತ್ತಿದ್ದರು.

ಟೀಚರಮ್ಮ ನಮ್ಮ ಗ್ಯಾರೇಜಿಗೆ ಬಂದದ್ದು ಅವರ ಯಜಮಾನರು ತೀರಿಕೊಂಡ ಮೇಲೆ. ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು. ಯಜಮಾನರದೊಂದು ಹಳೆಯ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಮಡಿಸಿಡುವ ಕ್ಯಾನ್ವಾಸ್ ಚಾವಣಿ, ಮುಂದಕ್ಕೆ ಚಾಚಿದ ಉದ್ದನೆಯ ಬಾನೆಟ್, ಕಡು ಹಸಿರು ಬಣ್ಣ. ಆ ಪುಣ್ಯಾತ್ಮರು ಬದುಕಿರುವ ತನಕ ಹೆಂಡತಿಗೆ ಸ್ಟೀರಿಂಗ್ ಮುಟ್ಟಲು ಬಿಟ್ಟವರಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳುವುದಷ್ಟೇ ಇವರ ಪಾಲು. ಹೇಳಿದ ದಾರಿಯಲ್ಲಿ ಅವರು ಹೋಗುತ್ತಲೂ ಇರಲಿಲ್ಲವಂತೆ. ಅವರು ಹೋದ ಮೇಲೆ ಟೀಚರಮ್ಮ ಡ್ರೈವಿಂಗ್ ಶಾಲೆ ಸೇರಿದರು. ತಮ್ಮ ಶಿಷ್ಯರ ಮಕ್ಕಳ ವಯಸ್ಸಿನವರ ಜೊತೆ ಕೂತು ಕಲಿತರು. ಲೈಸೆನ್ಸ್ ತೆಗೆದುಕೊಂಡು, ಕಾರನ್ನು ತಾವೇ ಓಡಿಸಿಕೊಂಡು ನಮ್ಮಲ್ಲಿಗೆ ಬಂದು, "ಇದನ್ನ ಬೆಟ್ಟ ಹತ್ತೋ ಹಾಗೆ ಮಾಡಿಕೊಡಿ" ಅಂದರು.

ಬೆಟ್ಟದ ವಿಷಯ ಏನೆಂದರೆ, ವರ್ಷಕ್ಕೊಮ್ಮೆ ಹಳೆಯ ಕಾರಿನವರೆಲ್ಲ ಸೇರಿ ಊರಾಚೆಯ ಬೆಟ್ಟದ ತುದಿಯ ತನಕ ಓಡಿಸಿಕೊಂಡು ಹೋಗುತ್ತಾರೆ. ಟೀಚರಮ್ಮನ ಮೈದುನನಿಗೆ ಅಣ್ಣನ ಕಾರಿನ ಮೇಲೆ ಮೊದಲಿಂದಲೂ ಕಣ್ಣು. "ಅತ್ತಿಗೆ, ಇದು ಹೆಂಗಸರು ಓಡಿಸೋ ಗಾಡಿ ಅಲ್ಲ. ಬೆಟ್ಟದ ತುದಿ ಮುಟ್ಟಿಸಿ, ಆಮೇಲೆ ನಾನು ಕೇಳೋದೇ ಇಲ್ಲ. ಆಗ್ಲಿಲ್ವಾ, ಕೀ ನನಗೆ ಕೊಟ್ಟುಬಿಡಿ" ಎಂದು ನೆಂಟರಿಷ್ಟರ ಮುಂದೆ ಹೇಳಿದ್ದ. ಟೀಚರಮ್ಮನೂ ಹಟಕ್ಕೆ ಬಿದ್ದು "ಆಗ್ಲಿ" ಅಂದುಬಿಟ್ಟಿದ್ದರು. ಸೀಟಿನ ಚರ್ಮದ ಬಣ್ಣ ಆರಿಸುವಾಗ ಇದನ್ನೆಲ್ಲ ನನಗೆ ಹೇಳಿ, "ಆ ಕಾರು ಹೋದ್ರೆ ನಾನು ಮತ್ತೆ ಬೇರೆಯವರ ಪಕ್ಕದಲ್ಲೇ ಕೂರಬೇಕು" ಅಂದಿದ್ದರು.

ಆ ಕಾರಿಗೆ ಹುಟ್ಟಿದಾಗಿನಿಂದ ಹಾಕುತ್ತಿದ್ದ ಪ್ಲಗ್ ತಯಾರಾಗುವುದೇ ನಿಂತುಹೋಗಿತ್ತು. ಬೇರೆ ಕಂಪನಿಯದರಲ್ಲಿ ಸರಿಹೊಂದುವುದನ್ನು ಆರಿಸಬೇಕು. ಪ್ಲಗ್ ಎಂದರೆ ಬರೀ ಕಿಡಿ ಹಾರಿಸುವ ವಸ್ತುವಲ್ಲ ಎಂದು ನಮ್ಮನೆಯವರು ಟೀಚರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಶುರುಮಾಡಿದರು. ತಿರುಪಿನ ಥ್ರೆಡ್ ಉದ್ದವಾದರೆ ಪ್ಲಗ್ ಪಿಸ್ಟನ್ನಿಗೆ ಬಡಿಯುತ್ತದೆ, ಗಿಡ್ಡವಾದರೆ ಕಿಡಿ ಪ್ಲಗ್ ಕೂರುವ ಗೂಡಿನೊಳಗೇ ಉಳಿಯುತ್ತದೆ. ಅದಲ್ಲದೆ ಬಿಸಿ ಪ್ಲಗ್, ತಣ್ಣನೆಯ ಪ್ಲಗ್ ಎಂದು ಬೇರೆ ಬೇರೆ. ಒಳಗಿನ ಬಿಸಿಯನ್ನು ಬೇಗ ಹೊರಗೆ ಸಾಗಿಸುವುದು ತಣ್ಣನೆಯದು, ತನ್ನಲ್ಲೇ ಇಟ್ಟುಕೊಳ್ಳುವುದು ಬಿಸಿಯದು. ಪೇಟೆಯಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಬಿಸಿಯದೇ ಸರಿ, ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಬೆಟ್ಟ ಹತ್ತುವ ಗಾಡಿಗೆ ತಣ್ಣನೆಯದು ಬೇಕು. ಅಲ್ಲಿ ಬಿಸಿಯದು ಹಾಕಿದರೆ ತುದಿ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು, ಪಿಸ್ಟನ್ನೇ ಕರಗಿಹೋಗುತ್ತದೆ. ಟೀಚರಮ್ಮ ಒಳ್ಳೆಯ ವಿದ್ಯಾರ್ಥಿಯ ಹಾಗೆ ಎಲ್ಲ ಕೇಳಿ, "ಹಾಗಾದ್ರೆ ನಮಗೆ ಇನ್ನೂ ತಣ್ಣಗಿರೋದು ಬೇಕು" ಅಂದರು.

"ಎರಡು ಮೆಟ್ಟಿಲು ತಣ್ಣಗಿರೋದು. ಅದನ್ನ ನನಗೆ ಬಿಡಿ ಮೇಡಂ" ಎಂದು ಇವರು ಮೀಸೆಯ ಮೇಲೆ ಕೈಯಾಡಿಸಿದರು. ಇರುವುದು ನಾಲ್ಕು ಕೂದಲು.

ಬಿಡಿಭಾಗಗಳ ಅಂಗಡಿಗೆ ನಾನೂ ಹೋಗಿದ್ದೆ, ಸೀಟಿಗೆ ದಪ್ಪ ದಾರ ಬೇಕಿತ್ತು. ಇವರು ಜೀವಮಾನವೆಲ್ಲ ಬಳಸಿದ ಕಂಪನಿಯ ಪ್ಲಗ್‌ಗಳಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ. ಅಂಗಡಿಯವರು ಅವತ್ತು ತೆಗೆದಿಟ್ಟ ಕಂಪನಿಯದು ತಿರುಗಾಮುರುಗಾ, ನಂಬರ್ ಏರಿದಷ್ಟೂ ಬಿಸಿ. ಇದು ಇವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಊಟಕ್ಕೆ ಕೂತಾಗ ನನಗೇ ಎಷ್ಟೋ ಸಲ ಹೇಳಿದ್ದಾರೆ, ಬೇಡವೆಂದರೂ ಹೇಳಿದ್ದಾರೆ. ಆದರೆ ಅವತ್ತು ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು, ಇವರ ದನಿ ಏರಿತ್ತು. ಸ್ಪೋರ್ಟ್ಸ್ ಕಾರು, ಬೆಟ್ಟ, ತಣ್ಣನೆಯ ಪ್ಲಗ್ ಎಂದು ಮಾತಿನ ಭರದಲ್ಲಿ ಕೈ ಹಳೆಯ ಅಭ್ಯಾಸದಂತೆ ಎರಡು ನಂಬರ್ ಮೇಲಿನ ಡಬ್ಬಿಗೆ ಹೋಯಿತು.

"ಜೋಯಿಸ್ರೇ, ಇದರಲ್ಲಿ ನಂಬರ್ ಉಲ್ಟಾ ಅಲ್ವಾ? ಒಂದ್ಸಲ ನೋಡ್ಕೊಳ್ಳಿ" ಎಂದರು ಅಂಗಡಿಯವರು, ಮೆಲ್ಲಗೆ.

"ನನಗೆ ಪ್ಲಗ್ ಹೇಳ್ಕೊಡ್ತೀರಾ?" ಎಂದು ಇವರು ನಕ್ಕರು. ಗಿರಾಕಿಗಳೂ ನಕ್ಕರು. ಅಂಗಡಿಯವರು ಮತ್ತೆ ಮಾತಾಡದೆ ಕಟ್ಟಿಕೊಟ್ಟರು.

ಹೊಸ ಪ್ಲಗ್ ಹಾಕಿ ಪೇಟೆಯೊಳಗೆ ಒಂದು ಸುತ್ತು ಹೊಡೆದಾಗ ಕಾರು ಬೆಣ್ಣೆಯಲ್ಲಿ ಕತ್ತಿ ಇಳಿದ ಹಾಗೆ ಓಡಿತು. ಓಡದೆ ಏನು, ಪೇಟೆಗೆ ಹೇಳಿ ಮಾಡಿಸಿದ ಬಿಸಿ ಪ್ಲಗ್ ತಾನೇ. ಬೆಟ್ಟದ ಓಟದ ದಿನ ಅರ್ಧ ದಾರಿಯ ತನಕವೂ ತಕರಾರಿರಲಿಲ್ಲವಂತೆ. ಕಡಿದಾದ ತಿರುವುಗಳು ಶುರುವಾದ ಮೇಲೆ ಬಾನೆಟ್ಟಿನೊಳಗೆ ಯಾರೋ ಗೋಲಿ ಕುಲುಕಿದಂಥ ಸದ್ದು ಬಂತು. ತುದಿ ಕಣ್ಣಿಗೆ ಕಾಣುವಾಗಲೇ ನೀಲಿ ಹೊಗೆ ಎದ್ದು ಕಾರು ನಿಂತಿತು. ಮಿಕ್ಕ ಕಾರುಗಳೆಲ್ಲ ಹಾರ್ನ್ ಮಾಡುತ್ತ ಪಕ್ಕದಲ್ಲೇ ದಾಟಿ ಮೇಲೆ ಹೋದವು. ಕಾರನ್ನು ಲಾರಿಗೆ ಹಾಕಿ ನಮ್ಮ ಗ್ಯಾರೇಜಿಗೆ ತಂದಿಳಿಸಿದ್ದು ಮೈದುನನೇ.

ಮರುದಿನ ಇವರು ಬಾನೆಟ್ ಎತ್ತಿ ಪ್ಲಗ್ ಬಿಚ್ಚತೊಡಗಿದಾಗ ಸುತ್ತ ಎಲ್ಲರೂ ಸೇರಿದ್ದರು. ಟೀಚರಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡು ಗೋಡೆಯ ಹತ್ತಿರ ನಿಂತಿದ್ದರು. ನಾನು ಆಚೆ ಬದಿಯಲ್ಲಿ ನೆಲದ ಮೇಲೆ ಕೂತು ಒಂದು ಸೀಟಿನ ಹೊಲಿಗೆ ಬಿಚ್ಚುತ್ತಿದ್ದೆ. ಮೊದಲ ಪ್ಲಗ್ ಹೊರಬಂತು. ಸುಣ್ಣದಷ್ಟು ಬಿಳಿ, ಮೇಲೆ ಗುಳ್ಳೆಗಳು. ಎರಡನೆಯದೂ ಹಾಗೆಯೇ. ಮೂರನೆಯದರ ತುದಿ ಕರಗಿ ಹೋಗಿತ್ತು. ಇವರ ಬೆನ್ನು ಸೆಟೆದುಕೊಂಡಿತು. ಪ್ಲಗ್ಗಿನ ಮೈಮೇಲಿನ ನಂಬರನ್ನು ಹೆಬ್ಬೆರಳಿನಿಂದ ಒರೆಸಿ ಒಮ್ಮೆ ನೋಡಿದರು. ಬಿಳಿ ಬಟ್ಟೆ ಹಾಸಲಿಲ್ಲ. ಯಾರನ್ನೂ ಕರೆಯಲಿಲ್ಲ. ನಾಲ್ಕನ್ನೂ ಒಂದೊಂದಾಗಿ ಪ್ಯಾಂಟಿನ ಜೇಬಿಗೆ ಇಳಿಸಿಕೊಂಡರು. ತಪ್ಪು ಯಾರದೆಂದು ತಿಳಿಯಲು ನನಗೆ ಅಷ್ಟೇ ಸಾಕಾಯಿತು.

"ಏನ್ ಜೋಯಿಸ್ರೇ, ಅತ್ತಿಗೆ ಗಾಡೀನ ಎಳೆದಾಡಿಬಿಟ್ಟಿದಾರೆ ಅಲ್ವಾ?" ಎಂದ ಮೈದುನ.

ಇವರು ತಲೆಯೆತ್ತಲಿಲ್ಲ. ಸ್ಪ್ಯಾನರ್ ಒರೆಸುತ್ತ, "ಹೂಂ. ಕಾಲು ಸ್ವಲ್ಪ ಭಾರ ಆಗಿದೆ ಅನ್ಸುತ್ತೆ. ಗೇರ್ ಇಳಿಸ್ದೇ ಒತ್ತಿದ್ರೆ ಹಿಂಗೇ ಆಗೋದು" ಅಂದರು.

"ಮೇಡಂ ಭೂಗೋಳದವರಲ್ವಾ, ಮ್ಯಾಪಿನಲ್ಲಿ ಬೆಟ್ಟ ಚಪ್ಪಟೆಗಿರುತ್ತೆ" ಎಂದ ಪೇಂಟರ್. ಗ್ಯಾರೇಜೆಲ್ಲ ನಕ್ಕಿತು. ಟೀಚರಮ್ಮನೂ ನಗಲೇಬೇಕಾಯಿತು. ನಾನು ಸೂಜಿಯನ್ನು ಚರ್ಮಕ್ಕೆ ಚುಚ್ಚಿ ಹಾಗೇ ಬಿಟ್ಟೆ. ನನ್ನ ಗಂಡ ಎಂದು ಹೇಳಿಕೊಳ್ಳಲು ಅಷ್ಟು ನಾಚಿಕೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.

ಆ ವಾರವೆಲ್ಲ ಇವರು ಸರಿಯಾಗಿ ಊಟ ಮಾಡಲಿಲ್ಲ. ಪ್ರವಚನವೂ ಬಂದ್ ಆಗಿತ್ತು. ಯಾರಾದರೂ ಪ್ಲಗ್ ತೋರಿಸಲು ಬಂದರೆ, "ಅಲ್ಲಿಟ್ಟು ಹೋಗಿ" ಅನ್ನುತ್ತಿದ್ದರು. ತಾವಾಗಿ ಬಾಯಿಬಿಡಲಿ ಎಂದು ನಾನು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆ ಎಂದರೆ ಪಾತ್ರೆಗಳು ಮಾತಾಡುತ್ತವೆ ಎಂದು ಅವರಿಗೆ ಗೊತ್ತು. ಶುಕ್ರವಾರ ಮಧ್ಯಾಹ್ನ ಟೀಚರಮ್ಮ ಬಸ್ಸಿನಲ್ಲಿ ಬಂದರು. ನೇರವಾಗಿ ಇವರ ಬೆಂಚಿನ ಹತ್ತಿರ ಹೋಗಿ ನಿಂತರು.

"ನಿಮ್ಮ ಕೆಲಸಾನ ನಾನು ಹಾಳು ಮಾಡಿದೆ. ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರಿ. ಕ್ಷಮಿಸಿ" ಅಂದರು. "ನಾಳೆ ನನ್ನ ಮೈದುನ ಲಾರಿ ತರ್ತಾನೆ. ಹೇಗಿದೆಯೋ ಹಾಗೇ ತಗೊಂಡು ಹೋಗ್ತಾನಂತೆ. ಕೀ ಅವನಿಗೇ ಕೊಟ್ಟುಬಿಡ್ತೀನಿ."

ನಮ್ಮನೆಯವರ ಬಾಯಿ ತೆರೆಯಿತು. ಈಗ ಹೇಳುತ್ತಾರೆ ಎಂದು ನಾನು ಮೆಷಿನ್ ನಿಲ್ಲಿಸಿದೆ.

"ಇರ್ಲಿ ಬಿಡಿ ಮೇಡಂ" ಅಂದರು.

ತಾವು ಮಾಡಿದ ತಪ್ಪಿಗೆ ಟೀಚರಮ್ಮನನ್ನು ಕ್ಷಮಿಸಿಬಿಟ್ಟರು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಹೇಳುತ್ತಾರಲ್ಲ, ನನಗೆ ಆಗ ಹಾಗೇ ಅನ್ನಿಸಿತು. ಆಡಿದವರು ಇವರು, ಮುಖ ಸುಟ್ಟುಕೊಂಡದ್ದು ನಾನು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಏನ್ರೀ, ಜೇಬಲ್ಲಿರೋದನ್ನ ಆಚೆ ಇಡಿ."

ಒಂದು ಕ್ಷಣ ನನ್ನ ಮುಖ ನೋಡಿ, ನಾಲ್ಕು ಪ್ಲಗ್‌ಗಳನ್ನೂ ಅಡುಗೆಮನೆಯ ಮೇಜಿನ ಮೇಲಿಟ್ಟರು. ವಾರವೆಲ್ಲ ಹೊತ್ತು ತಿರುಗಿದ್ದರು ಪುಣ್ಯಾತ್ಮರು. "ನಿನಗೆ ಯಾವಾಗಿಂದ ಗೊತ್ತು?"

"ಅಂಗಡಿಯಲ್ಲಿ ನಾನೂ ಇದ್ದೆ. ಬಟ್ಟೆ ಹಾಸ್ದೇ ಇದ್ದಾಗಲೂ ಇದ್ದೆ."

"ಇಷ್ಟು ವರ್ಷದ ಹೆಸರು ಕಣೇ."

"ಹೆಸರು ನಿಮ್ಮದು. ಕಾರು ಅವರದು, ಕಾಲೂ ಅವರದು."

"ಬಾಯಿ ತಪ್ಪಿ ಬಂತು. ಆ ಮೈದುನ ಹಾಗೆ ಕೇಳಿದ, ನಾನು ಹೂಂ ಅಂದೆ."

"ಅವತ್ತಿಂದು ಬಾಯಿ ತಪ್ಪಿದ್ದು ಅಂತಲೇ ಇಟ್ಕೊಳ್ಳಿ. ಇವತ್ತು 'ಇರ್ಲಿ ಬಿಡಿ' ಅಂದ್ರಲ್ಲ, ಅದನ್ನ ಯಾವ ಬಾಯಲ್ಲಿ ಅಂದ್ರಿ?"

ಅವರು ಕುರ್ಚಿ ಎಳೆದುಕೊಂಡು ಕೂತರು. ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು, "ನಾಚಿಕೆ ಆಗುತ್ತೆ ಕಣೇ" ಅಂದರು. "ಕೆಲಸ ತಪ್ಪಿದ್ದಕ್ಕೆ ಅಷ್ಟಿಲ್ಲ. ಅವರು ಬಂದು ನನ್ನ ಹತ್ರ ಕ್ಷಮೆ ಕೇಳಿದ್ರಲ್ಲ, ಆಗ ನನಗೆ ಒಳಗೊಳಗೇ ಹಾಯೆನಿಸ್ತು. ಬಚಾವಾದೆ ಅಂತ ಅನ್ನಿಸ್ತು. ಅದಕ್ಕೆ ನಾಚಿಕೆ."

ಬೈಯಲು ಇಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತೇ ಹೋದವು. "ಏಳಿ, ಮುಖ ತೊಳ್ಕೊಳ್ಳಿ. ಹೋಗಿ ಬರೋಣ" ಅಂದೆ.

ಟೀಚರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಗೋಡೆ ತುಂಬ ಭೂಪಟಗಳು. ನಮ್ಮನ್ನು ಕೂರಿಸಿ ಟೀ ತಂದರು. ಕಾರಿನ ಕೆಲಸದ ಬಗ್ಗೆ ಏನೋ ಕೇಳಲು ಬಂದಿದ್ದೇವೆ ಎಂದುಕೊಂಡಿದ್ದರು ಪಾಪ. ನಮ್ಮನೆಯವರು ಟೀ ಮುಟ್ಟಲಿಲ್ಲ. ಪಾಠ ಮಾಡುವಾಗಿನ ದನಿ ಎಲ್ಲಿ ಹೋಗಿತ್ತೋ, ತೊದಲುತ್ತ ಹೇಳಿದರು. "ಪ್ಲಗ್ ತಪ್ಪು ಹಾಕಿದ್ದೆ ಮೇಡಂ. ಆ ಕಂಪನಿಯದರಲ್ಲಿ ನಂಬರ್ ಉಲ್ಟಾ. ತಣ್ಣಗಿರೋದು ಅಂತ ಬಿಸಿಯದು ಆರಿಸಿಬಿಟ್ಟೆ. ಅಂಗಡಿಯವರು ಹೇಳಿದ್ರು, ನಾನು ಕಿವಿ ಮೇಲೆ ಹಾಕ್ಕೊಳ್ಲಿಲ್ಲ. ನಿಮ್ಮ ಕಾಲಿಂದ ಏನೂ ಆಗಿಲ್ಲ."

ಟೀಚರಮ್ಮ ಕಪ್ಪನ್ನು ತಟ್ಟೆಯ ಮೇಲಿಟ್ಟರು. ಆಮೇಲೆ ಕೇಳಿದರು. "ತಿರುವು ಬರೋಕೆ ಮುಂಚೆನೇ ಎರಡನೇ ಗೇರಿಗೆ ಇಳಿಸಿದ್ದೆ. ಅದು ಸರಿನಾ?"

"ಸರಿ ಮೇಡಂ."

"ಸದ್ದು ಬಂದ ತಕ್ಷಣ ಕಾಲು ತೆಗೆದೆ. ಅದು?"

"ಅದೂ ಸರಿ. ನಾನಿದ್ದಿದ್ರೂ ಹಾಗೇ ಮಾಡ್ತಿದ್ದೆ."

"ಒಂದು ವಾರದಿಂದ ರಸ್ತೇಲಿ ನಡೀವಾಗಲೂ ನನ್ನ ಕಾಲನ್ನೇ ನೋಡ್ಕೊಂಡು ನಡೀತಿದ್ದೆ" ಎಂದರು ಟೀಚರಮ್ಮ. ಅವರ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕಣ್ಣಲ್ಲಿತ್ತು.

ನಮ್ಮನೆಯವರು ಇನ್ನಷ್ಟು ಕುಗ್ಗಿ, "ನಾಳೆ ನಿಮ್ಮ ಮೈದುನನಿಗೆ ಹೀಗ್ಹೀಗೆ ಅಂತ ಹೇಳಿಬಿಡಿ ಮೇಡಂ. ಇಂಜಿನ್ ನಾನು ಪೂರಾ ಬಿಚ್ಚಿ ಸರಿಮಾಡಿಕೊಡ್ತೀನಿ" ಎಂದರು.

"ನಾನು ಹೇಳಿದ್ರೆ ಯಾರು ನಂಬ್ತಾರೆ? ಸೋತವಳು ನೆಪ ಹೇಳ್ತಾಳೆ ಅಂತಾರೆ." ಟೀಚರಮ್ಮ ತರಗತಿಯಲ್ಲಿ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು. "ಅವತ್ತು ನನ್ನ ಕಾಲು ಭಾರ ಅಂತ ಎಲ್ಲರ ಮುಂದೆ ಹೇಳಿದ್ರಿ. ಇವತ್ತು ನನ್ನೊಬ್ಬಳಿಗೆ, ಬಾಗಿಲು ಹಾಕ್ಕೊಂಡು ಹೇಳ್ತಿದೀರಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಇವರು ನನ್ನಿಂದ ಒಂದು ಹೆಜ್ಜೆ ಹಿಂದೆಯೇ ನಡೆದರು.

ಶನಿವಾರ ಮೈದುನ ಲಾರಿ ತಂದ. ಟೀಚರಮ್ಮನೂ ಬಂದರು. ಕೀ ಅವರ ಕೈಯಲ್ಲಿತ್ತು, ಮೈದುನ ಆಗಲೇ ಅಂಗೈ ಚಾಚಿದ್ದ. ಪೇಂಟರ್, ಟಿಂಕರ್, ಗ್ಯಾರೇಜಿನ ಯಜಮಾನರು, ತಮ್ಮ ಗಾಡಿ ಬಿಡಲು ಬಂದ ಗಿರಾಕಿಗಳು, ಎಲ್ಲರೂ ತಮಾಷೆ ನೋಡಲು ಸುತ್ತ ನಿಂತರು. ನಮ್ಮನೆಯವರು ಬೆಂಚಿನ ಹಿಂದಿನಿಂದ ಬಂದು ನಡುವೆ ನಿಂತರು. ಅಂಗೈಯಲ್ಲಿ ಪ್ಲಗ್‌ಗಳಿದ್ದವು.

"ಒಂದು ನಿಮಿಷ. ಅದು, ಪ್ಲಗ್ಗಿನ ನಂಬರ್ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು" ಅಂದರು.

"ಯಾರು ಮಾಡಿದ್ದು?" ಎಂದ ಮೈದುನ. ಟೀಚರಮ್ಮ ಇವರನ್ನೇ ನೋಡುತ್ತಿದ್ದರು.

"ನಾನು. ನಾನೇ ತಪ್ಪು ಪ್ಲಗ್ ಆರಿಸಿದ್ದು. ಅದರಿಂದಲೇ ಪಿಸ್ಟನ್ ತೂತಾಗಿರೋದು. ಪ್ಲಗ್ ಬಿಚ್ಚಿದ ಕೂಡಲೇ ನನಗೆ ಗೊತ್ತಾಯ್ತು. ಗೊತ್ತಾಗಿಯೂ ಮೇಡಂ ಮೇಲೆ ಹಾಕಿದೆ. ಅವರು ಸರಿಯಾಗೇ ಓಡಿಸಿದ್ರು. ನಾನು ಸುಳ್ಳು ಹೇಳಿದೆ."

ಮುಗಿಯಿತು, ಇನ್ನು ಇಲ್ಲಿ ನಮಗೆ ಮುಖವಿಲ್ಲ ಅಂದುಕೊಂಡೆ ನಾನು. ಆಗ ಪೇಂಟರ್ ಮುಂದೆ ಬಂದು ಇವರ ಹೆಗಲ ಮೇಲೆ ಕೈಯಿಟ್ಟ.

"ಅಯ್ಯೋ, ಅದಕ್ಕೆ ಯಾಕೆ ಇಷ್ಟು ಬೇಜಾರು ಮಾಡ್ಕೊಳ್ತೀರಾ ಜೋಯಿಸ್ರೇ. ಆ ನಂಬರ್‌ಗಳೇ ಹಾಳು. ಯಾರಿಗಾದ್ರೂ ಆಗೋದೇ ಬಿಡಿ."

"ಇಷ್ಟು ವರ್ಷದಲ್ಲಿ ಒಂದ್ಸಲ ತಾನೇ" ಎಂದ ಟಿಂಕರ್. ಯಜಮಾನರು ಒಂದು ಲೋಟ ನೀರು ತರಿಸಿದರು. ಗಿರಾಕಿಯೊಬ್ಬರು, ಒಪ್ಪಿಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಅಂದರು. ಎಲ್ಲರೂ ಇವರ ಸುತ್ತ ಸೇರಿದರು. ಟೀಚರಮ್ಮ ಗೋಡೆಯ ಹತ್ತಿರ ಒಬ್ಬರೇ ನಿಂತಿದ್ದರು.

ನಮ್ಮನೆಯವರು ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿದರು. ಅವರ ಮುಖ ಕಿವಿಯ ತನಕ ಕೆಂಪಾಗಿತ್ತು. ಬೈದಿದ್ದರೆ ಅಷ್ಟು ಕೆಂಪಾಗುತ್ತಿರಲಿಲ್ಲ.

"ಮೇಡಂಗೆ ಈ ಮಾತು ನಾವು ಯಾರೂ ಹೇಳ್ಲಿಲ್ವಲ್ಲ" ಅಂದರು. "ಅವರು ಮಾಡಿದ್ದು ಅಂದಾಗ ನಕ್ವಿ."

ಪೇಂಟರ್ ಕೈಗೆ ಮೆತ್ತಿದ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೈದುನ ಮಾತ್ರ, "ಅದೇನೇ ಇರ್ಲಿ ಅತ್ತಿಗೆ, ತುದಿ ಮುಟ್ಲಿಲ್ವಲ್ಲ" ಎಂದು ಗೊಣಗಿದ.

"ಮುಂದಿನ ವರ್ಷ ಮುಟ್ಟಿಸ್ತೀನಿ. ಲಾರಿ ವಾಪಸ್ ಕಳಿಸಪ್ಪ" ಎಂದು ಟೀಚರಮ್ಮ ಕೀಯನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ನಮ್ಮನೆಯವರ ಮುಂದೆ ಬಂದು ನಿಂತರು. "ಇಂಜಿನ್ ಯಾವಾಗ ಕೊಡ್ತೀರಿ?"

"ಬೇಗ ಮಾಡಿಕೊಡ್ತೀನಿ ಮೇಡಂ" ಎಂದರು ಇವರು, ತಮ್ಮ ಕಾಲಬೆರಳುಗಳನ್ನು ನೋಡುತ್ತ.

"ನೆಲಕ್ಕೆ ಹೇಳ್ಬೇಡಿ. ನನಗೆ ಹೇಳಿ."

ಇವರು ತಲೆಯೆತ್ತಲು ಬಹಳ ಹೊತ್ತು ಹಿಡಿಯಿತು. ಟೀಚರಮ್ಮ ಅವಸರ ಮಾಡದೆ ಕಾದರು.